ಬಳ್ಳಿ ತರಕಾರಿಗಳ ಬೀಜ ವಿನಿಮಯವನ್ನು ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಹಾಸನ
ಚೈತ್ರ ಮಾಸ

ಮಾನ್ಯ ಗ್ರಾಹಕರಿಗೆ ಹಾಗೂ ಬೀಜಮನೆಯ ಸದಸ್ಯರಿಗೆ ನಮಸ್ಕಾರಗಳು.

ಬರುವ ಮೇ 1ರಿಂದ ನಮ್ಮ ಬೀಜಮನೆಯ ಬಾಗಿಲಲ್ಲಿರುವ ವಿನಿಮಯದ ಮೊರಗಳಲ್ಲಿ ಸೋರೆ, ಹೀರೆ, ಪಡವಲ, ಹಾಗಲ, ಸಿಹಿಗುಂಬಳ, ಬೂದುಗುಂಬಳ ಮತ್ತು ಸೌತೆಯ ಬೀಜಗಳು ಇರುವುದಿಲ್ಲ. ಅವುಗಳನ್ನು ಯಾರಿಂದಲೂ ಮೊರಕ್ಕೆ ಪಡೆಯುವುದೂ ಇಲ್ಲ. ಈ ಬಳ್ಳಿಗಳ ಬೀಜವನ್ನು ಇನ್ನು ಮುಂದೆ ನಮ್ಮ ಮೂವರು ಸದಸ್ಯರ ತೋಟಗಳಲ್ಲಿ ಕೈಯಿಂದಲೇ ಪರಾಗ ಮುಟ್ಟಿಸಿ ಬೆಳೆಸಿದ ಕಾಯಿಗಳಿಂದ ಮಾತ್ರ ತೆಗೆದು, ಪೊಟ್ಟಣ ಕಟ್ಟಿ, ಬೆಲೆಗೆ ಕೊಡುತ್ತೇವೆ. ಒಂದು ಹಿಡಿ ತಂದು ಒಂದು ಹಿಡಿ ಒಯ್ಯುವುದನ್ನೇ ರೂಢಿ ಮಾಡಿಕೊಂಡಿರುವ ನಿಮಗೆ ಈ ನಿರ್ಧಾರ ಹಿಡಿಸಲಾರದೆಂದು ಬಲ್ಲೆವು. ಮೊರದ ಮುಂದೆ ನಿಂತು ಬೀಜದ ಜೊತೆಗೆ ಅದರ ಕಥೆಯನ್ನೂ ಹೇಳಿ ಹೋಗುತ್ತಿದ್ದ ನಿಮ್ಮ ಮಾತುಗಳೇ ಈ ಬೀಜಮನೆಯನ್ನು ಕಟ್ಟಿವೆ. ಆದ್ದರಿಂದ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನಮ್ಮ ಕರ್ತವ್ಯ.

ಕಳೆದ ಮಳೆಗಾಲದ ಕೊನೆಯಲ್ಲಿ ಆಲೂರು ಕಡೆಯ ನಮ್ಮ ಸದಸ್ಯೆಯೊಬ್ಬರು ಮೊರದಿಂದ ಒಯ್ದು ಹಾಕಿದ್ದ ಸೋರೆ ಬಳ್ಳಿಯ ಮೊದಲ ಕಾಯಿಯನ್ನು ಕೊಯ್ದರು. ಕಾಯಿ ನೋಡಲು ಲಕ್ಷಣವಾಗಿಯೇ ಇತ್ತು. ತಿಳಿಹಸಿರು ಬಣ್ಣ, ಮೈಮೇಲೆ ಇನ್ನೂ ಉದುರದ ನವಿರು ರೋಮ, ಉಗುರು ಊರಿದರೆ ನೀರೊಸರುವಷ್ಟು ಎಳೆಯದು. ಪಲ್ಯಕ್ಕೆ ಹೆಚ್ಚುವ ಮುನ್ನ, ತಮ್ಮ ಅತ್ತೆಯವರು ಕಲಿಸಿದ ರೂಢಿಯಂತೆ, ತೊಟ್ಟಿನ ಕಡೆಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಹಾಗಲದ ಕಹಿ ಅದರ ಮುಂದೆ ಏನೂ ಅಲ್ಲವೆಂದು ಅವರು ಆಮೇಲೆ ಹೇಳಿದರು. ಬಾಯಿ ಮುಕ್ಕಳಿಸಿ, ಬೆಲ್ಲ ತಿಂದ ಮೇಲೂ ಮಧ್ಯಾಹ್ನದವರೆಗೆ ಕಹಿ ಬಿಡಲಿಲ್ಲವಂತೆ. ಅವರು ಆ ಕಾಯಿಯನ್ನು ಬಿಸಾಡದೆ ಪೇಪರಿನಲ್ಲಿ ಸುತ್ತಿಕೊಂಡು ಮರುದಿನ ಬಸ್ಸು ಹತ್ತಿ ನಮ್ಮಲ್ಲಿಗೆ ತಂದರು. ಆ ಎರಡು ಹೋಳುಗಳು ನಮ್ಮ ಮೇಜಿನ ಮೇಲಿದ್ದ ದಿನ, ಅದೇ ಮೊರದಿಂದ ಬೀಜ ಒಯ್ದಿರುವ ಬೇರೆ ಮನೆಗಳಲ್ಲಿ ಯಾರಾದರೂ ರುಚಿ ನೋಡದೆ ಬೇಯಿಸಿದ್ದರೆ ಏನು ಗತಿ ಎಂಬ ಭಯ ನಮ್ಮನ್ನು ಹಿಡಿಯಿತು. ನಮ್ಮಲ್ಲಿ ಯಾರ ದೂರವಾಣಿ ಸಂಖ್ಯೆ ಇತ್ತೋ ಅವರಿಗೆಲ್ಲ ಅಂದೇ ಕರೆ ಮಾಡಿದೆವು. ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಬೀಜ ಒಯ್ದವರೆಲ್ಲರ ಸಂಖ್ಯೆ ನಮ್ಮಲ್ಲಿ ಇರಲಿಲ್ಲ ಎಂಬ ಸಂಗತಿ ಇಂದಿಗೂ ನಮ್ಮನ್ನು ಕಾಡುತ್ತದೆ.

ಸೋರೆಯ ಕಹಿ ಬರಿಯ ರುಚಿಯ ದೋಷವಲ್ಲ. ಸೋರೆ, ಸೌತೆ, ಕುಂಬಳಗಳ ಕುಲದ ಗಿಡಗಳು ತಮ್ಮನ್ನು ಕೀಟ ಮತ್ತು ದನಕರುಗಳಿಂದ ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ವಿಷವಸ್ತುಗಳನ್ನು ಮಾಡಿಕೊಳ್ಳುತ್ತವೆ. ತಲೆತಲಾಂತರದಿಂದ ಸಿಹಿ ಕಾಯಿಯ ಬೀಜವನ್ನೇ ಆರಿಸುತ್ತಾ ಬಂದ ನಮ್ಮ ಹಿರಿಯರು ಆ ಗುಣವನ್ನು ಅಡುಗೆಯ ತಳಿಗಳಿಂದ ಬಹುಮಟ್ಟಿಗೆ ಕಳೆದಿದ್ದಾರೆ. ಅದು ಮರಳಿ ಬಂದ ಕಾಯಿಯನ್ನು ಬೇಯಿಸಿದರೂ, ಉಪ್ಪು ಹಾಕಿ ಹಿಂಡಿದರೂ ವಿಷ ಹೋಗುವುದಿಲ್ಲ. ತಿಂದವರಿಗೆ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ; ಜೋರಾದರೆ ರಕ್ತವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ. ಕಹಿ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ. ಈ ಕಾರಣಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯೊಂದನ್ನು ನೇಮಿಸಿತ್ತು. ರಸ ತೆಗೆಯುವ ಮುನ್ನ ಚೂರೊಂದನ್ನು ರುಚಿ ನೋಡಬೇಕು, ಕಹಿಯಿದ್ದರೆ ಇಡೀ ಕಾಯಿಯನ್ನು ಬಿಸಾಡಬೇಕು, ಕುಡಿದ ಮೇಲೆ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದು ಅದರ ಸಲಹೆ. ಈ ವಿಷಕ್ಕೆ ನಿರ್ದಿಷ್ಟ ಪ್ರತಿಮದ್ದಿಲ್ಲ. ಆ ಅತ್ತೆಯವರು ಕಲಿಸಿದ ರೂಢಿಯನ್ನು ದಯವಿಟ್ಟು ನಿಮ್ಮ ಮನೆಯಲ್ಲಿಯೂ ಪಾಲಿಸಿ, ಚೂರನ್ನು ನುಂಗಬೇಡಿ, ಉಗುಳಿಬಿಡಿ.

ಬೀಜ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದಾಗ ಹೊಳೆನರಸೀಪುರ ಕಡೆಯ ಒಂದು ಹಿತ್ತಲು ಸಿಕ್ಕಿತು. ಬೀಜ ಕೊಟ್ಟವರು ಆ ಬಳ್ಳಿಯ ಕಾಯಿಗಳನ್ನು ಸಂತೋಷದಿಂದಲೇ ತಿಂದಿದ್ದರು, ಒಂದರಲ್ಲಿಯೂ ಕಹಿ ಇರಲಿಲ್ಲ. ಆದರೆ ಬೇಲಿಯಾಚೆ ನೆರೆಮನೆಯವರು ಬುರುಡೆ ಸೋರೆಯ ಬಳ್ಳಿಯನ್ನು ಮರಕ್ಕೆ ಹಬ್ಬಿಸಿದ್ದರು. ನಮ್ಮ ಕೆರೆಗಳಲ್ಲಿ ಮಕ್ಕಳು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದದ್ದೂ, ಅಜ್ಜಿಯರು ಬಿತ್ತನೆ ಬೀಜ ತುಂಬಿಡುತ್ತಿದ್ದದ್ದೂ ಇಂಥ ದಪ್ಪ ಚಿಪ್ಪಿನ ಬುರುಡೆಗಳಲ್ಲೇ. ಅದರ ತಿರುಳು ಕಹಿ. ಸೋರೆಯ ಬಿಳಿಯ ಹೂ ಸಂಜೆಗೆ ಅರಳುತ್ತದೆ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪತಂಗಗಳೂ ಜೇನ್ನೊಣಗಳೂ ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ, ಅವಕ್ಕೆ ಬೇಲಿಯ ಲೆಕ್ಕವಿಲ್ಲ. ಬುರುಡೆ ಸೋರೆಯ ಪರಾಗ ಸಿಹಿ ಸೋರೆಯ ಹೂವಿಗೆ ಬಿದ್ದರೂ ಆ ವರ್ಷದ ಕಾಯಿಯ ತಿರುಳು ಸಿಹಿಯಾಗಿಯೇ ಇರುತ್ತದೆ, ಏಕೆಂದರೆ ತಿರುಳು ತಾಯಿ ಬಳ್ಳಿಯದು. ಬೆರಕೆಯಾಗುವುದು ಒಳಗಿನ ಬೀಜ. ಅದನ್ನು ಬಿತ್ತಿದ ಮೇಲೆ, ಅಂದರೆ ಮುಂದಿನ ವರ್ಷ, ಇನ್ನೊಬ್ಬರ ಮನೆಯಲ್ಲಿ ಕಹಿ ಹೊರಬೀಳುತ್ತದೆ. ನೀರಿನ ಕೊರತೆಯಿಂದಲೂ ಬಿಸಿಲಿನ ತಾಪದಿಂದಲೂ ಕಹಿ ಏರುವುದುಂಟೆಂಬುದು ನಿಜ. ಆದರೆ ತುಂಬು ಮಳೆಯಲ್ಲಿ ಬೆಳೆದ ಆ ಬಳ್ಳಿಯಲ್ಲಿ ಬಿಟ್ಟ ಕಾಯಿಗಳೆಲ್ಲವೂ ಕಹಿಯಾಗಿದ್ದುದರಿಂದ ಬೆರಕೆಯೇ ಕಾರಣವೆಂದು ನಾವು ತೀರ್ಮಾನಿಸಿದ್ದೇವೆ. ಬೀಜ ತಂದವರದು ಏನೂ ತಪ್ಪಿಲ್ಲ. ಸುತ್ತಮುತ್ತ ಏನು ಬೆಳೆದಿತ್ತೆಂದು ಕೇಳದೆ ಮೊರಕ್ಕೆ ಸುರಿದುಕೊಂಡವರು ನಾವು, ಅದಕ್ಕಾಗಿ ನಿಮ್ಮೆಲ್ಲರ ಕ್ಷಮೆ ಕೋರುತ್ತೇವೆ.

ಹಾಗಾದರೆ ಎಲ್ಲ ವಿನಿಮಯವನ್ನೂ ನಿಲ್ಲಿಸಬೇಕಲ್ಲವೇ ಎಂದು ಕೆಲವರು ಕೇಳಿದ್ದಾರೆ. ಬೇಕಾಗಿಲ್ಲ. ಅವರೆ, ಅಲಸಂದೆ, ಹುರುಳಿಕಾಯಿ, ಟೊಮ್ಯಾಟೊಗಳ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇದ್ದು, ಬಹುಪಾಲು ಪರಾಗಸ್ಪರ್ಶ ಹೂವಿನೊಳಗೇ ಮುಗಿಯುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನ ಸೊಗಡವರೆಯನ್ನು ನಮ್ಮ ಮನೆಗಳು ಇಷ್ಟು ಕಾಲ ಕೆಡದಂತೆ ಉಳಿಸಿಕೊಳ್ಳಲು ಸಾಧ್ಯವಾದದ್ದು ಅವರೆಯ ಈ ಗುಣದಿಂದಲೇ. ಹಗಲು ಕಿರಿದಾದಾಗ ಮಾತ್ರ ಹೂ ಬಿಟ್ಟು ಚಳಿಗಾಲಕ್ಕೆ ಕಾಯಿ ಕೊಡುವ ಆ ಹಳೆಯ ಅವರೆ, ವರ್ಷವಿಡೀ ಬೆಳೆಯಬಹುದಾದ ಎಚ್ಎ-3, ಎಚ್ಎ-4ರಂಥ ತಳಿಗಳು ಬಂದ ಮೇಲೆ ಹೊಲಗಳಿಂದ ಹಿಂದೆ ಸರಿಯುತ್ತಿದೆ. ಅದರ ಬೀಜ ಯಾರಲ್ಲಿದ್ದರೂ ಮೊರಕ್ಕೆ ತನ್ನಿ. ಕುಟ್ಟೆ ಹಿಡಿಯದಂತೆ ಒಲೆಯ ಬೂದಿಯಲ್ಲೋ ಕೆಮ್ಮಣ್ಣಿನಲ್ಲೋ ಬೆರೆಸಿ ಇಟ್ಟಿದ್ದರೆ ಹಾಗೆಯೇ ತನ್ನಿ, ತೊಳೆಯಬೇಡಿ. ಬೆಂಡೆ, ಬದನೆ, ಮೆಣಸಿನಕಾಯಿಗಳು ಮಾತ್ರ ನಡುವಿನವು. ಒಂದೇ ಹೂವಿನಲ್ಲಿ ಎರಡೂ ಭಾಗಗಳಿದ್ದರೂ ಜೇನ್ನೊಣಗಳು ಸಾಕಷ್ಟು ಬೆರಕೆ ಮಾಡುತ್ತವೆ. ಇವುಗಳ ಬೀಜ ತರುವವರು ಹತ್ತಿರದಲ್ಲಿ ಬೇರೆ ಯಾವ ಬದನೆ, ಯಾವ ಬೆಂಡೆ ಇತ್ತೆಂಬುದನ್ನು ಪುಸ್ತಕದಲ್ಲಿ ಬರೆಸಬೇಕು. ಅಂಗಡಿಯ ಹೈಬ್ರಿಡ್ ಗಿಡದಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲವಾದ್ದರಿಂದ ಅದನ್ನು ಯಾವ ಮೊರಕ್ಕೂ ಹಾಕಬೇಡಿ.

ಬಳ್ಳಿಗಳ ವಿಷಯದಲ್ಲಿ ಅನಗತ್ಯ ಭಯವೂ ಬೇಡ. ಸೋರೆ ಹೀರೆಯೊಂದಿಗೆ ಬೆರೆಯುವುದಿಲ್ಲ. ಸಿಹಿಗುಂಬಳವೂ ಬೂದುಗುಂಬಳವೂ ಹೆಸರಿನಲ್ಲಿ ಮಾತ್ರ ನಂಟರು. ಮಂಗಳೂರು ಸೌತೆಯನ್ನು ಸೌತೆ ಎಂದು ಕರೆದರೂ ಅದು ಮುಳ್ಳುಸೌತೆಯ ಜಾತಿಯದಲ್ಲ, ಕರಬೂಜ ಮತ್ತು ಕೆಕ್ಕರಿಕೆಯ ಜಾತಿಯದು. ಆದ್ದರಿಂದ ಕೆಕ್ಕರಿಕೆಯ ಪಕ್ಕದಲ್ಲಿ ಬೆಳೆದ ಮಂಗಳೂರು ಸೌತೆಯ ಬೀಜವನ್ನು ನಂಬಬಾರದು, ಮುಳ್ಳುಸೌತೆಯ ಪಕ್ಕದ್ದಾದರೆ ಅಡ್ಡಿಯಿಲ್ಲ. ತೊಂಡೆಯನ್ನು ಬಳ್ಳಿಯ ತುಂಡಿನಿಂದ ಬೆಳೆಸುವುದರಿಂದ ಅದರ ವಿನಿಮಯ ಎಂದಿನಂತೆ ನಡೆಯುತ್ತದೆ.

ಸ್ವಂತಕ್ಕೆ ಸೋರೆ ಬೀಜ ಉಳಿಸಿಕೊಳ್ಳುವವರು ಈ ಕ್ರಮವನ್ನು ಅನುಸರಿಸಬಹುದು. ಮಧ್ಯಾಹ್ನ ಬಳ್ಳಿಯ ಬಳಿ ಹೋಗಿ ಅಂದು ಸಂಜೆ ಅರಳಲಿರುವ, ತುದಿಯಲ್ಲಿ ಬಿಳುಪು ಇಣುಕುತ್ತಿರುವ ಮೊಗ್ಗುಗಳನ್ನು ಗುರುತಿಸಿ. ಉದ್ದನೆಯ ಸಪೂರ ತೊಟ್ಟಿನದು ಗಂಡು. ಬುಡದಲ್ಲಿ ಬೆರಳ ತುದಿಯಷ್ಟು ರೋಮದ ಪೀಚು ಇರುವುದು ಹೆಣ್ಣು. ಎರಡರ ತುದಿಯನ್ನೂ ಹತ್ತಿಯ ದಾರದಿಂದ ಮೆಲ್ಲಗೆ ಕಟ್ಟಿ. ಹೊತ್ತು ಮುಳುಗುವಾಗ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ದಾರ ಬಿಚ್ಚಿ, ಅದರ ನಡುವಿನ ಅಂಟು ಭಾಗಕ್ಕೆ ಪರಾಗವನ್ನು ಸುತ್ತಲೂ ಸವರಿ, ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಕೆಂಪು ದಾರವೊಂದನ್ನು ಸಡಿಲವಾಗಿ ಸುತ್ತಿದರೆ ಮನೆಯವರು ಮರೆತು ಕೊಯ್ಯುವುದಿಲ್ಲ. ಕಾಯಿ ಬಳ್ಳಿಯಲ್ಲೇ ಬಲಿತು, ಚಿಪ್ಪಿಗೆ ಉಗುರು ಇಳಿಯದಂತಾಗಿ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಕಾಯಬೇಕು. ಹೀರೆ ಕೂಡ ಸಂಜೆಯ ಹೂ. ಸಿಹಿಗುಂಬಳ ಮಾತ್ರ ನಸುಕಿನದು. ಹಿಂದಿನ ಸಂಜೆ ಮೊಗ್ಗು ಕಟ್ಟಿಟ್ಟು ಬೆಳಗಿನ ಜಾವ ಜೇನು ಬರುವ ಮುನ್ನ ಕೆಲಸ ಮುಗಿಸಬೇಕು.

ಬೆಲೆಯ ವಿಷಯ. ಬಳ್ಳಿ ತರಕಾರಿಯ 10 ಬೀಜಗಳ ಪೊಟ್ಟಣಕ್ಕೆ 30 ರೂಪಾಯಿ ನಿಗದಿ ಮಾಡಿದ್ದೇವೆ. ಒಂದು ಬಳ್ಳಿಯಲ್ಲಿ ಒಂದೆರಡು ಕಾಯಿಗಳನ್ನು ಬೀಜಕ್ಕೆ ಬಿಟ್ಟರೆ ಉಳಿದ ಕಾಯಿ ಕಡಿಮೆಯಾಗುತ್ತದೆ, ಆ ಮೂರು ಮನೆಯವರು ಸಂಜೆ ಹಾಗೂ ಮುಂಜಾನೆಯ ಹೊತ್ತನ್ನು ಇದಕ್ಕೆಂದೇ ತೆಗೆದಿಡುತ್ತಾರೆ. ಹಣ ಅವರಿಗೇ ಸಲ್ಲುತ್ತದೆ. ಪ್ರತಿ ಪೊಟ್ಟಣದ ಮೇಲೆ ತೋಟದ ಗುರುತು ಮತ್ತು ಬೀಜ ತೆಗೆದ ತಿಂಗಳು ಇರುತ್ತದೆ, ಒಯ್ದವರ ಸಂಖ್ಯೆಯನ್ನು ನಾವು ಬರೆದುಕೊಳ್ಳುತ್ತೇವೆ. ಶಾಲೆಯ ಕೈತೋಟಗಳಿಗೆ ಬೀಜ ಉಚಿತ. ಕೈಪರಾಗದ ಕೆಲಸವನ್ನು ಒಂದು ಹಂಗಾಮು ನಮ್ಮ ಸದಸ್ಯರ ಜೊತೆ ಮಾಡಿ ಕಲಿತವರ ಹಿತ್ತಲನ್ನು ನಾಲ್ಕನೆಯ ಬೀಜತೋಟವಾಗಿ ಸೇರಿಸಿಕೊಳ್ಳಲು ನಮಗೆ ಬಹಳ ಆಸೆಯಿದೆ.

ಸರ್ಕಾರ ಬೀಜ ವಿನಿಮಯವನ್ನು ನಿಷೇಧಿಸಿದ್ದರಿಂದ ಹೀಗೆ ಮಾಡುತ್ತಿದ್ದೇವೆಂಬ ಮಾತು ಹಬ್ಬಿರುವುದು ನಮ್ಮ ಕಿವಿಗೆ ಬಿದ್ದಿದೆ. ಅದು ಸರಿಯಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೆಯ ಸೆಕ್ಷನ್ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮರುಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಚ್ಚಿ ಮಾರುವುದಕ್ಕೆ ಮಾತ್ರ ಅಡ್ಡಿಯಿದೆ. ಮೊರದಿಂದ ಬಳ್ಳಿಯ ಬೀಜ ತೆಗೆದದ್ದು ನಮ್ಮದೇ ನಿರ್ಧಾರ.

ಕೊನೆಯದಾಗಿ ಒಂದು ವಿನಂತಿ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಮೊರದಿಂದ ಒಯ್ದ ಸೋರೆ ಬೀಜ ಅಥವಾ ಅದರ ಬಳ್ಳಿಯಿಂದ ತೆಗೆದ ಬೀಜ ನಿಮ್ಮಲ್ಲಿದ್ದರೆ ಬಿತ್ತಬೇಡಿ, ಇನ್ನೊಬ್ಬರಿಗೂ ಕೊಡಬೇಡಿ. ಕೃತ್ತಿಕಾ ಮಳೆಗೆ ಮುನ್ನ ಅದನ್ನು ಬೀಜಮನೆಗೆ ತಂದುಕೊಟ್ಟರೆ ಬದಲಿಗೆ ಹೊಸ ಪೊಟ್ಟಣವನ್ನು ಹಣ ಪಡೆಯದೆ ಕೊಡುತ್ತೇವೆ. ಅಷ್ಟು ದೂರ ಬರಲಾಗದವರು ಬೀಜವನ್ನು ಒಲೆಗೆ ಹಾಕಿ, ನಮಗೆ ಒಂದು ಕರೆ ಮಾಡಿ ತಿಳಿಸಿದರೂ ಸಾಕು. ನಿಮ್ಮ ಪೊಟ್ಟಣವನ್ನು ತೆಗೆದಿಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಬೀಜಮನೆಯ ಎಲ್ಲ ಸದಸ್ಯರ ಪರವಾಗಿ