ಏಜೆನ್ಸಿ ಬದಲಿಸಿದರೆ ಗ್ಯಾಸ್ ಅಗ್ಗವಾಗದು

ಮಾನ್ಯ ಸಂಪಾದಕರೇ,

ಗ್ಯಾಸ್ ಏಜೆನ್ಸಿ ಬದಲಿಸಿದರೆ ದುಡ್ಡು ಉಳಿಯುತ್ತದೆ ಎಂದುಕೊಂಡವರು ತುಮಕೂರಿನಲ್ಲೂ ಇದ್ದಾರೆ. ಒಂದೇ ಊರಿನಲ್ಲಿ ಸರ್ಕಾರಿ ಕಂಪನಿಗಳ ಸಿಲಿಂಡರ್ ದರ ಹೆಚ್ಚುಕಡಿಮೆ ಒಂದೇ, ಬದಲಾಗುವುದು ಸೇವೆ. ಅದೇ ಕಂಪನಿಯ ಬೇರೆ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಹೋಗಬಹುದು, ಸಿಲಿಂಡರ್, ರೆಗ್ಯುಲೇಟರ್ ವಾಪಸು ಕೊಡಬೇಕಿಲ್ಲ. ದುಡ್ಡು ಸೋರುವುದು ಮನೆ ಬಾಗಿಲಲ್ಲಿ. ರಸೀದಿಗಿಂತ ಹೆಚ್ಚು ಕೊಡಬೇಡಿ. ತೂಕ ಹಾಕಿಸಿ: ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕೆ.ಜಿ. ಕೂಡಿಸಿದರೆ ಲೆಕ್ಕ ಸರಿಹೋಗಬೇಕು.

ಕರೆಂಟಿಗಂತೂ ಬೆಸ್ಕಾಂ ಬಿಟ್ಟರೆ ಬೇರೆ ಅಂಗಡಿಯಿಲ್ಲ. ಉಳಿತಾಯವೇನಿದ್ದರೂ ಮೀಟರಿನಲ್ಲೇ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚುವರಿಗಷ್ಟೇ ಅಲ್ಲ, ಇಡೀ ಬಿಲ್ ಕಟ್ಟಬೇಕು. ಎರಡು ಕಿಲೋವಾಟ್ ಗೀಸರ್ ಒಂದು ಗಂಟೆ ಕಾದರೆ 2 ಯೂನಿಟ್! ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿಕೊಳ್ಳಿ.

– ಓದುಗರು, ತುಮಕೂರು