ಬಿರುಕು ಬಿಟ್ಟ ಡ್ಯಾಶ್‌ಬೋರ್ಡ್ ದುರಸ್ತಿಯ ಕುರಿತು ಸೂಚನೆ

ಮಾನ್ಯ ಸದಸ್ಯರೇ,

ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದ್ದರೆ ದಯವಿಟ್ಟು ಅವಸರದಲ್ಲಿ ಅಂಟು ಸುರಿಯಬೇಡಿ. ವರ್ಷಗಟ್ಟಲೆ ಬಿಸಿಲು ತಾಗಿದಾಗ, ಡ್ಯಾಶ್‌ಬೋರ್ಡಿನ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಹೊದಿಕೆಯನ್ನು ಮೃದುವಾಗಿಡುವ ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕ ನಿಧಾನವಾಗಿ ಹೊರಟುಹೋಗಿ, ಹೊದಿಕೆ ಗಡುಸಾಗಿ ಕುಗ್ಗುತ್ತದೆ. ಹಾಗಾಗಿಯೇ ಬಿರುಕಿನ ಅಂಚುಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಒತ್ತಿ ಅಂಟಿಸಿದರೂ ಮತ್ತೆ ಬಿಟ್ಟುಕೊಳ್ಳುತ್ತವೆ.

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸಾಧ್ಯವಾದರೆ ಡ್ಯಾಶ್‌ಬೋರ್ಡನ್ನು ಹೊರತೆಗೆಯಿರಿ. ಉಜ್ಜುಕಾಗದದಿಂದ ಉಜ್ಜುವ ಮುನ್ನವೇ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುವುದನ್ನು ಮರೆಯಬೇಡಿ, ಏಕೆಂದರೆ ಹಿಂದೆ ಹಚ್ಚಿದ ಸಿಲಿಕೋನ್ ಪಾಲಿಶ್ ಉಳಿದಿದ್ದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಎದ್ದ ಅಂಚುಗಳನ್ನು ಕತ್ತರಿಸಿ, ಬಿರುಕನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಅಗಲಿಸಿ, ಬಾಗುವ ಗುಣವುಳ್ಳ ಫಿಲ್ಲರನ್ನು (ಬಿರುಕು ತುಂಬುವ ಲೇಪವನ್ನು) ತೆಳು ಪದರಗಳಲ್ಲಿ ತುಂಬಿರಿ. ಕಾರಿನ ಹೊರಮೈಗೆ ಬಳಸುವ ಪಾಲಿಯೆಸ್ಟರ್ ಪುಟ್ಟಿ ಇಲ್ಲಿ ಸಲ್ಲದು. ಬಿಸಿಲಿಗೆ ಹಿಗ್ಗಿ ಕುಗ್ಗುವ ವಿನೈಲಿನೊಂದಿಗೆ ಅದು ಬಾಗದೆ ಅಂಚಿನಲ್ಲೇ ಸೀಳುತ್ತದೆ. ನಂತರ 180, ಆಮೇಲೆ ಅದಕ್ಕಿಂತ ನಯವಾದ 320 ಗ್ರಿಟ್‌ನ ಉಜ್ಜುಕಾಗದ, ಕೊನೆಗೆ ವಿನೈಲ್ ಬಣ್ಣ.

ಮೂಲ ಮೇಲ್ಮೈಯ ಚರ್ಮದಂಥ ಗೆರೆಗಳನ್ನು ಮರಳಿ ಮೂಡಿಸುವುದೇ ಅತ್ಯಂತ ಕಷ್ಟದ ಕೆಲಸವಾದ್ದರಿಂದ, ಬಿರುಕುಗಳು ಹಲವಿದ್ದರೆ ಪೂರ್ತಿ ಹೊಸ ಹೊದಿಕೆ ಹಾಕಿಸುವುದೇ ಲೇಸೆಂಬುದು ನನ್ನ ದೃಢ ಅಭಿಪ್ರಾಯ.