ಬಲಗಡೆ ಸೀಟಿಗೆ ಹೊರಟ ಮಗಳಿಗೆ

ಸಕಲೇಶಪುರ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದ.

ವಿಮಾನದ ಬಲಗಡೆ ಸೀಟಿನಲ್ಲಿ ಫಸ್ಟ್ ಆಫೀಸರ್, ಅಂದ್ರೆ ಸಹ ಪೈಲಟ್ ಆಗಿ ಕೂತಾಗ, ಕ್ಯಾಪ್ಟನ್ ತಪ್ಪು ಮಾಡ್ತಿದ್ದಾರೆ ಅನಿಸಿದರೆ ಹೇಗೆ ಹೇಳೋದು ಅಂತ ಫೋನಿನಲ್ಲಿ ಕೇಳಿದೆಯಲ್ಲ, ಪ್ರಯಾಣಿಕರಿರೋ ವಿಮಾನದಲ್ಲೇ ಕಲಿಯೋ ನಿನ್ನ ಲೈನ್ ಟ್ರೈನಿಂಗ್ ಶುರುವಾಗೋಕೆ ಮುಂಚೆ ಬರೆದೇಬಿಡೋಣ ಅನಿಸ್ತು.

ಬೇಗ ಹೇಳು, ಚಿಕ್ಕದಾಗಿ ಹೇಳು. ದೊಡ್ಡವರಿಗೆ ಎದುರಾಡಬಾರದು ಅಂತ ನಾವೇ ಹೇಳಿಕೊಟ್ಟು ಬೆಳೆಸಿದ್ದೀವಿ, ಆ ಸಂಕೋಚ ಕಾಕ್‌ಪಿಟ್‌ವರೆಗೂ ಬರುತ್ತೆ. "ಸರ್, ಸ್ಪೀಡು ಸ್ವಲ್ಪ ಜಾಸ್ತಿ ಇದೆಯೇನೋ ಅಂತ..." ಅಂತ ಎಳೆಯೋಷ್ಟರಲ್ಲಿ ನಾಲ್ಕು ಸೆಕೆಂಡ್ ಹೋಯ್ತು. 140 ನಾಟ್ ವೇಗದಲ್ಲಿ ವಿಮಾನ ಅಷ್ಟರಲ್ಲಿ ಸುಮಾರು 290 ಮೀಟರ್ ಮುಂದೆ ಹೋಗಿರುತ್ತೆ. "ಸ್ಪೀಡ್" ಅನ್ನೋ ಒಂದು ಪದ ಸಾಕು. ಶಿರಾಡಿ ಘಾಟಿಯಲ್ಲಿ ಲಾರಿ ರಿವರ್ಸ್ ತೆಗೆಯುವಾಗ ಕ್ಲೀನರ್ ಹುಡುಗ "ಹೋಲ್ಡಾನ್" ಅಂತ ಕೂಗಿದರೆ ಡ್ರೈವರ್ ಮೊದಲು ಬ್ರೇಕ್ ತುಳೀತಾನೆ, ಯಾಕೆ ಅಂತ ಆಮೇಲೆ ಕೇಳ್ತಾನೆ. ಹುಡುಗನ ವಯಸ್ಸು ಅಲ್ಲಿ ಲೆಕ್ಕಕ್ಕೆ ಬರಲ್ಲ.

ನಿನ್ನ ಎ320 ವಿಮಾನದಲ್ಲಿ ಯಾವಾಗ ಕೂಗಬೇಕು ಅನ್ನೋದು ನಿನ್ನ ಧೈರ್ಯಕ್ಕೆ ಬಿಟ್ಟ ವಿಷಯ ಅಲ್ಲ. ರನ್‌ವೇಗೆ ಇಳಿಯೋಕೆ ಹೋಗುವಾಗ, ಅದಕ್ಕೆ ಗೊತ್ತುಮಾಡಿದ ವೇಗ ಅಂದ್ರೆ ಅಪ್ರೋಚ್ ಸ್ಪೀಡಿಗಿಂತ 10 ನಾಟ್ ಮೇಲೆ ಹೋದರೆ ಅಥವಾ 5 ನಾಟ್ ಕೆಳಗೆ ಬಂದರೆ "ಸ್ಪೀಡ್". ನಿಮಿಷಕ್ಕೆ 1,000 ಅಡಿಗಿಂತ ಜೋರಾಗಿ ಇಳಿದರೆ "ಸಿಂಕ್ ರೇಟ್". ರೆಕ್ಕೆ 7 ಡಿಗ್ರಿ ದಾಟಿ ವಾಲಿದರೆ "ಬ್ಯಾಂಕ್". ಈ ಅಂಕಿಗಳು ನಿನ್ನ ಬೆನ್ನ ಹಿಂದೆ ನಿಂತಿರುತ್ತವೆ. ಇದು ಕ್ಯಾಪ್ಟನ್‌ಗೆ ಬೈದ ಹಾಗಲ್ಲ, ಮೀಟರ್ ಓದಿದ ಹಾಗೆ.

ಉತ್ತರ ಬರಲಿಲ್ಲ ಅಂದ್ರೆ? ಎರಡನೇ ಸಲ ಹುದ್ದೆ ಹಿಡಿದು, ಅಂಕಿ ಸೇರಿಸಿ ಹೇಳು: "ಕ್ಯಾಪ್ಟನ್, ಸಿಂಕ್ ರೇಟ್ 1,400." ಎರಡು ಸಲ ಹೇಳಿದರೂ ಸರಿಯಾದ ಪ್ರತಿಕ್ರಿಯೆ ಇಲ್ಲದಿದ್ದರೆ ಆ ಮನುಷ್ಯನಿಗೆ ಏನೋ ಆಗಿದೆ ಅಂತಲೇ ತಿಳಿ. "ಐ ಹ್ಯಾವ್ ಕಂಟ್ರೋಲ್" ಅಂತ ಜೋರಾಗಿ ಹೇಳಿ, ವಿಮಾನ ತಿರುಗಿಸೋ ಪಕ್ಕದ ಹಿಡಿ, ಅಂದ್ರೆ ಸೈಡ್‌ಸ್ಟಿಕ್‌ನ ಕೆಂಪು ಬಟನ್ ಒತ್ತಿ ಹಿಡಿ. "ಪ್ರಯಾರಿಟಿ ರೈಟ್", ಅಂದ್ರೆ ಬಲಗಡೆಯವರ ಕೈಗೆ ಹಿಡಿತ ಬಂತು, ಅಂತ ಕೇಳಿಸಬೇಕು. ಬಟನ್ ಒತ್ತದೆ ಸುಮ್ಮನೆ ಸ್ಟಿಕ್ ಎಳೆಯಬೇಡ. ಇಬ್ಬರ ಎಳೆತವನ್ನೂ ಕಂಪ್ಯೂಟರ್ ಕೂಡಿಸುತ್ತೆ: ಅವರು ಮುಂದಕ್ಕೆ ತಳ್ಳಿ ನೀನು ಹಿಂದಕ್ಕೆ ಎಳೆದರೆ ಎರಡೂ ವಜಾ ಆಗಿ ಮೂಗು ಇದ್ದಲ್ಲೇ ಇರುತ್ತೆ.

2010ರ ಮೇ 22ರಂದು, ಘಾಟಿ ಇಳಿದರೆ ಸಿಗೋ ಮಂಗಳೂರಿನಲ್ಲಿ, ದುಬೈನಿಂದ ಬಂದ ವಿಮಾನ ತುಂಬ ಎತ್ತರದಲ್ಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದಿದ್ದರು. ಫಸ್ಟ್ ಆಫೀಸರ್ ಮೂರು ಸಲ "ಗೋ ಅರೌಂಡ್", ಅಂದ್ರೆ ಇಳಿಸಬೇಡಿ, ಮತ್ತೆ ಮೇಲೆ ಏರಿಸಿ, ಅಂದರು, ಕಂಟ್ರೋಲ್ ಮಾತ್ರ ತಗೊಳ್ಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು 5,000 ಅಡಿ ದಾಟಿದ ಮೇಲೆ. 158 ಜನ ಹೋದರು. ಬಾಯಲ್ಲಿ ಸರಿಯಾದ ಮಾತೇ ಬಂದಿತ್ತು ಪುಟ್ಟಿ, ಕೈ ಬರಲಿಲ್ಲ. ಅದನ್ನ ನೆನೆದರೆ ಇವತ್ತಿಗೂ ಸಂಕಟ ಆಗುತ್ತೆ.

ಹಾಗಂತ ಎಲ್ಲದಕ್ಕೂ ಬಾಯಿ ಹಾಕಬೇಡ. ಆಟೋಪೈಲಟ್ ಎಷ್ಟು ಅಡಿಯಲ್ಲಿ ತೆಗೀತಾರೆ, ರೆಕ್ಕೆಯ ಫ್ಲಾಪ್ ಎರಡು ಮೈಲಿ ಮುಂಚೆ ಕೇಳ್ತಾರೋ ಆಮೇಲೋ, ಮಿತಿಯೊಳಗಿದ್ದರೆ ಅದು ಅವರವರ ರೂಢಿ. ಸಣ್ಣದಕ್ಕೆಲ್ಲ ಕೆಣಕೋ ಫಸ್ಟ್ ಆಫೀಸರ್ ಮಾತನ್ನ ದೊಡ್ಡ ವಿಷಯ ಬಂದಾಗ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.

ಹಾರೋಕೆ ಮುಂಚಿನ ಬ್ರೀಫಿಂಗ್‌ಗೆ ಹವಾಮಾನ, ನೋಟಾಮ್ (ಪೈಲಟ್‌ಗಳಿಗೆ ಬರೋ ಸೂಚನೆಗಳು) ಓದಿಕೊಂಡೇ ಹೋಗು. ಇಂಧನ ಎಷ್ಟು ಬೇಕು ಅಂತ ಅವರು ಹೇಳೋ ಮುಂಚೆ ನಿನ್ನ ಲೆಕ್ಕ, ಕಾರಣ ತಯಾರಿರಲಿ. ಹೊಸ ಹುಡುಗಿಯ ಮಾತಿಗೆ ತೂಕ ಬರೋದು ಅಲ್ಲಿಂದ. "ನಾನು ತಪ್ಪಿದರೆ ಹೇಳಮ್ಮ" ಅಂತ ಬಾಯಿಬಿಟ್ಟು ಕೇಳೋ ಕ್ಯಾಪ್ಟನ್ ಸಿಕ್ಕರೆ ಅವರ ಹತ್ತಿರ ಎಷ್ಟು ಕಲಿಯೋಕಾಗುತ್ತೋ ಅಷ್ಟೂ ಕಲಿ. ಮುಖ ಗಂಟುಹಾಕಿಕೊಂಡವರ ಜೊತೆ ಕೂತರೂ ಕೂಗಿ ಹೇಳೋ ಆ ಕಾಲ್‌ಔಟ್ ಅದೇ, ದನಿಯೂ ಅದೇ ಇರಲಿ. 10,000 ಅಡಿಗಿಂತ ಕೆಳಗೆ ಹಾರುವಾಗ ಮನೆ ಮಾತು ಬೇಡ. ಏನಾದರೂ ಮನಸ್ತಾಪ ಆದರೆ ಎಂಜಿನ್ ಆಫ್ ಆಗಿ, ಚೆಕ್‌ಲಿಸ್ಟ್ ಮುಗಿದ ಮೇಲೆ, ಇಬ್ಬರೇ ಇದ್ದಾಗ ಕೇಳು: "ಸರ್, ಅಲ್ಲಿ ಯಾಕೆ ಮುಂದುವರಿಸಿದ್ರಿ?"

ರೂಮಿನಲ್ಲಿ ಒಬ್ಬಳೇ ಇದ್ದಾಗ ಕಾಲ್‌ಔಟ್‌ಗಳನ್ನ ಜೋರಾಗಿ ಹೇಳಿ ಅಭ್ಯಾಸ ಮಾಡು. ಮನಸ್ಸಲ್ಲೇ ಹೇಳಿಕೊಂಡಿದ್ದು ಬೇಕಾದಾಗ ಗಂಟಲು ದಾಟಿ ಬರಲ್ಲ.

ಅಮ್ಮ ಕಾಫಿಪುಡಿ ಕಟ್ಟಿಟ್ಟಿದ್ದಾಳೆ, ನಾಳೆ ಕೊರಿಯರ್ ಮಾಡ್ತೀನಿ.

ಇಂತಿ,
ನಿನ್ನ ಅಪ್ಪ